ಓದುಗರ ಪ್ರಶ್ನೆ: ಸ್ಕೂಲ್ ಡ್ರೆಸ್ ಕೋಡ್ ಹುಡುಗಿಯರಿಗೇ ಯಾಕೆ ಇಷ್ಟುದ್ದ?

ಪ್ರಶ್ನೆ: ಮೇಡಂ ನಮಸ್ತೆ. ನನ್ನ ಮಗಳು ಎಂಟನೇ ಕ್ಲಾಸು. ಸ್ಕೂಲ್ ಡೈರಿಲಿ ಡ್ರೆಸ್ ಕೋಡ್ ಅಂತ ಒಂದು ಪೇಜ್ ಇದೆ. ಹುಡುಗರಿಗೆ ಎರಡೇ ಸಾಲು, ನೀಟಾಗಿರಬೇಕು, ಶರ್ಟ್ ಇನ್ ಮಾಡಿರಬೇಕು. ಮಿಕ್ಕಿದ್ದೆಲ್ಲ ಹುಡುಗಿಯರಿಗೆ, ಸ್ಕರ್ಟ್ ಮೊಣಕಾಲು ಮುಚ್ಚಬೇಕು, ಶರ್ಟ್ ಟೈಟ್ ಇರಬಾರದು, ಒಳಗಿನ ಬಟ್ಟೆ ಕಲರ್ ಕಾಣಬಾರದು, ಲೆಗಿಂಗ್ಸ್ ಬೇಡ, ಹೀಗೆ. ಹೋದ ವಾರ ಅವಳನ್ನ ಎಲ್ಲರ ಮುಂದೆ ನಿಲ್ಲಿಸಿ ಸ್ಕೇಲ್ ಇಟ್ಟು ಸ್ಕರ್ಟ್ ಅಳೆದ್ರಂತೆ, ಉದ್ದ ಸಾಲಲ್ಲ ಅಂತ ಎರಡು ಪೀರಿಯಡ್ ಹೊರಗೆ ನಿಲ್ಲಿಸಿದ್ರು. ಆ ಸ್ಕರ್ಟ್ ಹೊಲಿಸಿದಾಗ ಸರಿಯಾಗೇ ಇತ್ತು, ಈ ವರ್ಷ ಅವಳೇ ಉದ್ದ ಆಗಿದಾಳೆ ಅಷ್ಟೇ. ನಾನು ಹೋಗಿ ಕೇಳಿದ್ದಕ್ಕೆ ಹುಡುಗರ ಗಮನ ಬೇರೆ ಕಡೆ ಹೋಗತ್ತೆ, ಅವಳ ಒಳ್ಳೇದಕ್ಕೇ ಅಂದ್ರು. ಆವತ್ತಿಂದ ಮಗಳು ಸ್ಕೂಲಿಗೆ ಹೋಗಲ್ಲ ಅಂತ ಅಳ್ತಾಳೆ. ಜಾಸ್ತಿ ಮಾತಾಡಿದ್ರೆ ಅವಳನ್ನೇ ಟಾರ್ಗೆಟ್ ಮಾಡ್ತಾರೇನೋ ಅಂತ ಭಯ. ಏನ್ ಮಾಡ್ಲಿ?
– ಒಬ್ಬ ಅಮ್ಮ

ಉತ್ತರ: ಅಮ್ಮಾ, ಮೊದಲು ಮಗಳ ಹತ್ರ ಕೂತು ಒಂದು ಮಾತು ಹೇಳಿ, ಸ್ಕೂಲಿನ ವಿಷಯ ಆಮೇಲೆ. ನಿನ್ನದೇನೂ ತಪ್ಪಿಲ್ಲ, ನೀನು ಬೆಳೀತಿದೀಯ ಅಷ್ಟೇ, ಬೆಳೆಯೋದು ಯಾವ ರೂಲ್ಸ್ ಪ್ರಕಾರವೂ ತಪ್ಪಲ್ಲ ಅಂತ. ಇದನ್ನ ಒಂದೇ ಸಲ ಹೇಳಿ ಬಿಡಬೇಡಿ. ಈ ವಯಸ್ಸಲ್ಲಿ ಮೈ ಬದಲಾಗ್ತಿರೋದೇ ಮಕ್ಕಳಿಗೆ ಒಂದು ಮುಜುಗರ, ಅದರ ಮೇಲೆ ಒಬ್ಬ ದೊಡ್ಡವರು ಕ್ಲಾಸ್ ಮುಂದೆ ಸ್ಕೇಲ್ ಹಿಡಿದು ನಿಂತ್ರೆ ನನ್ನ ಮೈಯೇ ಒಂದು ತಪ್ಪು ಅಂತ ಮಗು ಅಂದ್ಕೊಳತ್ತೆ. ನನಗೆ ತುಂಬಾ ಸಿಟ್ಟು ಬರೋದು ಇಲ್ಲೇ. ಸ್ಕರ್ಟ್ ಎಷ್ಟು ಉದ್ದ ಇರಬೇಕು ಅನ್ನೋದನ್ನ ಆಮೇಲೆ ಚರ್ಚೆ ಮಾಡಬಹುದು, ಆದ್ರೆ ಮಗುವನ್ನ ಅಳೆಯೋದು, ಮುಟ್ಟೋದು, ಎಲ್ಲರೆದುರು ನಿಲ್ಲಿಸೋದು, ಇದನ್ನ ಯಾವ ಕಾರಣ ಕೊಟ್ರೂ ಒಪ್ಪಕ್ಕಾಗಲ್ಲ.

ಇದು ನಿಮ್ಮ ಮಗಳ ಸ್ಕೂಲಿನ ಕಥೆ ಮಾತ್ರ ಅಲ್ಲ. ಅಮೆರಿಕದ ಸಂಸತ್ತಿನ ಪರವಾಗಿ ಲೆಕ್ಕ ತನಿಖೆ ಮಾಡೋ ಸರ್ಕಾರಿ ಸಂಸ್ಥೆ ಜಿಎಓ 2022ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳ ಡ್ರೆಸ್ ಕೋಡ್‌ಗಳನ್ನ ತೆಗೆದು ನೋಡಿತ್ತು. ಸಾಮಾನ್ಯವಾಗಿ ಹುಡುಗಿಯರು ಹಾಕೋ ಬಟ್ಟೆಗಳನ್ನ ಬೇಡ ಅನ್ನೋ ರೂಲ್ಸ್ ಸುಮಾರು ಶೇಕಡಾ 90ರಷ್ಟು ಡ್ರೆಸ್ ಕೋಡ್‌ಗಳಲ್ಲಿ ಇದ್ವು, ಹುಡುಗರ ಬಟ್ಟೆಗಳ ಬಗ್ಗೆ ಅಂಥ ರೂಲ್ಸ್ ಇದ್ದಿದ್ದು 69ರಷ್ಟರಲ್ಲಿ. ಮೈಯನ್ನೋ ಬಟ್ಟೆಯನ್ನೋ ಅಳೆದು ನೋಡಬೇಕಾಗೋ ಥರದ ರೂಲ್ಸ್ ಸುಮಾರು ಶೇಕಡಾ 60ರಷ್ಟು ಕಡೆ. ಅಂದ್ರೆ ಎಷ್ಟು ಮಕ್ಕಳು ಹೀಗೆ ನಿಂತಿರಬಹುದು ಯೋಚನೆ ಮಾಡಿ.

ಇನ್ನು ಹುಡುಗರ ಗಮನದ ಮಾತು. ಇದನ್ನ ಒಳ್ಳೇ ಮನಸ್ಸಿನ ಟೀಚರ್‌ಗಳೂ ಹೇಳ್ತಾರೆ, ಅವರಿಗೂ ಯಾರೋ ಹಾಗೇ ಹೇಳಿ ಬೆಳೆಸಿರ್ತಾರೆ. ಆದ್ರೆ ಲೆಕ್ಕ ನೋಡಿ, ಹುಡುಗನ ಗಮನ ಹೋಗಬಾರದು ಅಂತ ಹುಡುಗಿಯ ಎರಡು ಪೀರಿಯಡ್ ಪಾಠ ಹೋಯ್ತು. ಪಾಠ ಯಾರಿಗೆ ತಪ್ಪಿದ್ದು? ಹುಡುಗರಿಗೂ ಇದು ಅವಮಾನವೇ, ಒಂದು ಮೊಣಕಾಲು ಕಂಡ್ರೆ ನಿನಗೆ ಲೆಕ್ಕ ಮಾಡಕ್ಕಾಗಲ್ಲ ಅಂತ ಅವರಿಗೇ ಹೇಳ್ದಂಗೆ. ಯಾರಾದ್ರೂ ದುರುಗುಟ್ಟಿ ನೋಡ್ತಿದ್ರೆ, ಕಾಮೆಂಟ್ ಮಾಡ್ತಿದ್ರೆ ಕರೆದು ತಿದ್ದಬೇಕಾಗಿರೋದು ಅವನನ್ನ.

ಒಳ್ಳೇದಕ್ಕೇ ಅನ್ನೋ ಮಾತು ಕೋರ್ಟಿಗೂ ಹೋಗಿದೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಚಾರ್ಟರ್ ಡೇ ಅನ್ನೋ ಸ್ಕೂಲು, ಹುಡುಗಿಯರು ಪ್ಯಾಂಟ್ ಹಾಕೋ ಹಾಗಿಲ್ಲ, ಸ್ಕರ್ಟೋ ಆ ಥರದ್ದೋ ಹಾಕಬೇಕು ಅಂತ ರೂಲ್ಸ್. ಸ್ಥಾಪಕರು ಕೊಟ್ಟ ವಿವರಣೆಲಿ ಹೆಣ್ಣು ನಾಜೂಕಾದ ಪಾತ್ರೆ ಇದ್ದಂಗೆ, ಗಂಡಸರು ಕಾಪಾಡಬೇಕು, ಗೌರವಿಸಬೇಕು ಅನ್ನೋ ಅರ್ಥದ ಮಾತಿತ್ತು. 2016ರಲ್ಲಿ ಕೆಲವು ಹುಡುಗಿಯರು ಪೋಷಕರ ಜೊತೆ ಕೇಸ್ ಹಾಕಿದ್ರು. ಅವರು ಹೇಳಿದ್ದು ತುಂಬಾ ಸರಳ, ಸ್ಕರ್ಟಲ್ಲಿ ಮನಸ್ಸು ಬಿಚ್ಚಿ ಆಡಕ್ಕಾಗಲ್ಲ, ನೆಲದ ಮೇಲೆ ಕೂರುವಾಗ ಕಾಲು ಹೇಗಿಡ್ಬೇಕು ಅನ್ನೋದೇ ತಲೇಲಿರತ್ತೆ ಅಂತ. 2022ರ ಜೂನ್‌ನಲ್ಲಿ ಫೆಡರಲ್ ಅಪೀಲು ಕೋರ್ಟು ಈ ರೂಲ್ಸ್ ಸಮಾನತೆಯ ಹಕ್ಕಿಗೆ ವಿರುದ್ಧ ಅಂತ ತೀರ್ಪು ಕೊಡ್ತು, ಮುಂದಿನ ವರ್ಷ ಅಲ್ಲಿನ ಸುಪ್ರೀಂ ಕೋರ್ಟು ಸ್ಕೂಲಿನ ಅಪೀಲನ್ನ ಕೈಗೆತ್ತಿಕೊಳ್ಳಲೇ ಇಲ್ಲ.

ಆಟದ ವಿಷಯ ಸಣ್ಣದಲ್ಲ. ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬಗ್ಗಿಸಿ ಓಡಾಡ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. 2024ರಲ್ಲಿ ಕೇಂಬ್ರಿಜ್ ಯೂನಿವರ್ಸಿಟಿ ನೇತೃತ್ವದ ಒಂದು ಅಧ್ಯಯನ ಬಂತು, 135 ದೇಶಗಳ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ಮಾಹಿತಿ. ಹೆಚ್ಚಿನ ಸ್ಕೂಲುಗಳಲ್ಲಿ ಯೂನಿಫಾರ್ಮ್ ಕಡ್ಡಾಯ ಇರೋ ದೇಶಗಳಲ್ಲಿ ಅಷ್ಟು ಓಡಾಡೋ ಮಕ್ಕಳು ಕಮ್ಮಿ, ಅದರಲ್ಲೂ ಪ್ರೈಮರಿ ವಯಸ್ಸಲ್ಲಿ ಹುಡುಗ ಹುಡುಗಿಯರ ನಡುವಿನ ಅಂತರ ಜಾಸ್ತಿ. ಯೂನಿಫಾರ್ಮೇ ಕಾರಣ ಅಂತ ಅಧ್ಯಯನ ಮಾಡಿದವರು ಹೇಳಿಲ್ಲ, ನಾನೂ ಹೇಳಲ್ಲ. ಆದ್ರೆ ಪಿಟಿ ಇಲ್ಲದ ದಿನವೂ ಮಕ್ಕಳು ಬಿಡುವಿನಲ್ಲಿ ಓಡ್ತಾರೆ, ಹತ್ತುತಾರೆ, ಸೈಕಲ್ ತುಳೀತಾರೆ, ಹಾಕಿದ ಬಟ್ಟೆ ಅದಕ್ಕೆ ಅಡ್ಡ ಬರಬಾರದು ಅಲ್ವಾ.

ಈಗ ಮಾಡಬೇಕಾಗಿದ್ದು. ಒಬ್ಬರೇ ಹೋಗಬೇಡಿ, ಇದೇ ರೀತಿ ನೊಂದ ಇನ್ನೆರಡು ಮೂರು ಮನೆಯವರು ಸಿಕ್ಕೇ ಸಿಗ್ತಾರೆ, ಹುಡುಗರ ಅಪ್ಪ ಅಮ್ಮ ಇದ್ರೆ ಇನ್ನೂ ಒಳ್ಳೇದು. ಬಾಯಲ್ಲಿ ಹೇಳೋದಕ್ಕಿಂತ ಹೆಡ್‌ಮಾಸ್ಟರಿಗೆ ಪತ್ರ ಬರೀರಿ, ಮಗಳ ಹೆಸರು ಹಾಕ್ದೆ, ಹಲವು ಪೋಷಕರ ಪತ್ರ ಅಂತಲೇ ಕೊಡಿ, ಆಗ ಒಬ್ಬಳನ್ನೇ ಟಾರ್ಗೆಟ್ ಮಾಡೋದು ಕಷ್ಟ. ಮೊದಲ ಬೇಡಿಕೆ ಅಳತೆ ನಿಲ್ಲಿಸಿ, ಬಟ್ಟೆ ಸರಿಯಿಲ್ಲ ಅನ್ಸಿದ್ರೆ ಮನೆಗೆ ಒಂದು ಚೀಟಿ ಕಳಿಸಿ, ಕ್ಲಾಸಿಂದ ಹೊರಗೆ ಹಾಕಬೇಡಿ. ಇದಕ್ಕೆ ಯಾವ ಮೀಟಿಂಗೂ ಬೇಡ, ನಾಳೆಯಿಂದಲೇ ಮಾಡಬಹುದು. ಆಮೇಲೆ ಡೈರಿಯ ಆ ಪೇಜ್ ಮುಂದಿಟ್ಕೊಂಡು ಒಂದೊಂದು ರೂಲಿಗೂ ಕಾರಣ ಕೇಳಿ. ಲ್ಯಾಬಲ್ಲಿ ಸಡಿಲ ಬಟ್ಟೆ ಬೇಡ ಅಂದ್ರೆ ಬೆಂಕಿ, ಆಸಿಡ್ಡು, ಸರಿ, ಅದು ಹುಡುಗರಿಗೂ ಅನ್ವಯಿಸತ್ತೆ. ಹುಡುಗಿ ಅನ್ನೋ ಪದ ತೆಗೆದ ಕೂಡ್ಲೇ ಕಾರಣವೇ ಇಲ್ಲದೆ ಹೋಗೋ ರೂಲ್ಸ್ ಯಾವ್ಯಾವು ಅಂತ ಅವರಿಗೂ ಕಾಣತ್ತೆ.

ಪ್ರಶ್ನೆ: ನಾನು ಟೀಚರ್. ಮುಂದಿನ ವರ್ಷದಿಂದ ಎಲ್ಲರಿಗೂ ಶರ್ಟ್ ಪ್ಯಾಂಟ್ ಮಾಡೋಣ ಅಂತ ನಮ್ಮಲ್ಲಿ ಮಾತು ನಡೀತಿದೆ. ನನಗೆ ಇಷ್ಟ. ಆದ್ರೆ ಕೆಲವು ಪೋಷಕರು ಹುಡುಗಿಯರನ್ನ ಹುಡುಗರ ಥರ ಮಾಡ್ತೀರಾ, ನಮ್ಮ ಮೇಲೆ ಹೇರ್ತೀರಾ ಅಂತ ಕೇಳ್ತಿದಾರೆ. ನಾವು ಮಾಡ್ತಿರೋದು ಸರಿನಾ?

ಉತ್ತರ: ಉದ್ದೇಶ ಚೆನ್ನಾಗಿದೆ ಟೀಚರ್, ದಾರಿ ಮಾತ್ರ ಸ್ವಲ್ಪ ನೋಡ್ಕೊಳ್ಳಿ. ಕೇರಳದ ಬಾಲುಶ್ಶೇರಿಯ ಸರ್ಕಾರಿ ಹುಡುಗಿಯರ ಹೈಯರ್ ಸೆಕೆಂಡರಿ ಸ್ಕೂಲಲ್ಲಿ 2021ರ ಡಿಸೆಂಬರ್‌ನಲ್ಲಿ ಪ್ಲಸ್ ಒನ್, ಅಂದ್ರೆ ಹನ್ನೊಂದನೇ ಕ್ಲಾಸಿನ ಮಕ್ಕಳಿಗೆ ಶರ್ಟ್ ಪ್ಯಾಂಟ್ ಬಂತು, ಓಡಾಡಕ್ಕೆ ಆರಾಮಾಗಿದೆ ಅಂತ ತುಂಬಾ ಹುಡುಗಿಯರು ಖುಷಿಪಟ್ರು, ಅದೇ ಸಮಯಕ್ಕೆ ಹೊರಗೆ ಕೆಲವು ಸಂಘಟನೆಗಳು ಪ್ರತಿಭಟನೆ ಮಾಡಿದ್ವು. ಅವರ ಎಲ್ಲಾ ಮಾತನ್ನೂ ನಾನು ಒಪ್ಪಲ್ಲ, ಆದ್ರೆ ಹೇರಬೇಡಿ ಅನ್ನೋ ಒಂದು ಮಾತಿಗೆ ಬೆಲೆ ಕೊಡ್ಬೇಕು. ಎಲ್ಲರಿಗೂ ಹುಡುಗರ ಬಟ್ಟೆ ಅಂದ್ರೆ ಹುಡುಗರದ್ದೇ ಸರಿಯಾದ್ದು, ಮಿಕ್ಕವರು ಅದಕ್ಕೆ ಬರಬೇಕು ಅಂದಂಗಾಗತ್ತೆ. ಕಾಲು ಪೂರ್ತಿ ಮುಚ್ಚೋ ಉದ್ದನೇ ಬಟ್ಟೆಯಲ್ಲೇ ನೆಮ್ಮದಿ ಅನ್ನೋ ಹುಡುಗಿಯೂ ಇರ್ತಾಳೆ, ಅವಳೂ ನಿಮ್ಮ ವಿದ್ಯಾರ್ಥಿನೇ.

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಸರ್ಕಾರಿ ಸ್ಕೂಲುಗಳಲ್ಲಿ 2019ರಿಂದ ಹುಡುಗಿಯರಿಗೆ ಶಾರ್ಟ್ಸ್, ಪ್ಯಾಂಟಿನ ಆಯ್ಕೆ ಕೊಡಲೇಬೇಕು ಅಂತ ಆಯ್ತು, ಬೇಕಾದವರು ಸ್ಕರ್ಟೇ ಹಾಕ್ತಾರೆ. ಅದೇ ವರ್ಷ ಮೆಕ್ಸಿಕೋ ಸಿಟಿಯಲ್ಲಿ ಆಗ ಮೇಯರ್ ಆಗಿದ್ದ ಕ್ಲೌಡಿಯಾ ಶೇನ್‌ಬಾಮ್ ಅವರು ಹುಡುಗಿಯರು ಪ್ಯಾಂಟು, ಹುಡುಗರು ಸ್ಕರ್ಟು, ಯಾರು ಏನು ಬೇಕಾದ್ರೂ ಹಾಕಬಹುದು ಅಂತ ಘೋಷಿಸಿದ್ರು. ನೀವೂ ಎರಡು ಮೂರು ಥರದ ಉಡುಪು ಒಂದೇ ಬಣ್ಣದಲ್ಲಿ ಇಡಿ, ಯಾವುದರ ಮುಂದೂ ಇದು ಹುಡುಗರಿಗೆ, ಇದು ಹುಡುಗಿಯರಿಗೆ ಅಂತ ಬರೀಬೇಡಿ. ಹಳೇ ಯೂನಿಫಾರ್ಮ್ ಒಂದೆರಡು ವರ್ಷ ನಡೀಲಿ, ಎಲ್ಲಾ ಮನೇಲೂ ಹೊಸ ಜೊತೆ ಹೊಲಿಸೋ ದುಡ್ಡಿರಲ್ಲ. ಜೇಬು ಮಾತ್ರ ಎಲ್ಲದಕ್ಕೂ ಇರಲಿ, ಹುಡುಗಿಯರ ಬಟ್ಟೆಗೆ ಜೇಬೇ ಇಡಲ್ಲ, ಪ್ಯಾಡ್ ಇಟ್ಕೊಳ್ಳಕ್ಕೂ ಜಾಗ ಇರಲ್ಲ. ಬಣ್ಣ, ಬಟ್ಟೆ, ಹೊಲಿಗೆ ತೀರ್ಮಾನ ಮಾಡೋ ಮುಂಚೆ ಮಕ್ಕಳನ್ನ ಹೆಸರು ಬರೆಯದ ಚೀಟಿಲಿ ಕೇಳಿ, ಕೈಯೆತ್ತಿಸಿ ಕೇಳಿದ್ರೆ ನಾಚಿಕೆ ಸ್ವಭಾವದವರು ಎತ್ತಲ್ಲ.

ಪ್ರಶ್ನೆ: ಅಕ್ಕ, ನಾನು ಹತ್ತನೇ ಕ್ಲಾಸ್ ಹುಡುಗ. ನನಗೆ ಕೂದಲು ಉದ್ದ ಬಿಡೋದು ಇಷ್ಟ, ದಿನಾ ತೊಳೆದು ನೀಟಾಗಿ ಕಟ್ಕೋತೀನಿ. ಸ್ಕೂಲಲ್ಲಿ ಕಟ್ ಮಾಡಿಸ್ಲೇಬೇಕಂತೆ, ಹುಡುಗಿ ಥರ ಇದೀಯ ಅಂತ ಸರ್ ಎಲ್ಲರ ಮುಂದೆ ನಗ್ತಾರೆ. ಹುಡುಗಿಯರ ಬಗ್ಗೆ ಎಲ್ಲರೂ ಮಾತಾಡ್ತಾರೆ, ನಮ್ಮ ಬಗ್ಗೆ ಯಾರೂ ಕೇಳಲ್ಲ.

ಉತ್ತರ: ತಮ್ಮಾ, ನಿನ್ನ ದೂರು ನ್ಯಾಯವಾದದ್ದೇ. ಹುಡುಗಿಯ ಮೊಣಕಾಲು ಅಳೆಯೋದು, ಹುಡುಗನ ಕೂದಲು ಅಳೆಯೋದು, ಎರಡೂ ಒಂದೇ ಕಡೆಯಿಂದ ಬಂದಿದ್ದು, ಹೆಣ್ಣು ಹೀಗೇ ಇರ್ಬೇಕು ಗಂಡು ಹೀಗೇ ಇರ್ಬೇಕು ಅನ್ನೋದ್ರಿಂದ. ಕ್ಲೀನಾಗಿ ಕಟ್ಟಿದ ಉದ್ದ ಕೂದಲಿಂದ ಹುಡುಗಿಯರ ಓದು ಕೆಟ್ಟಿಲ್ಲ ಅಂದ್ಮೇಲೆ ನಿನ್ನ ಓದೂ ಕೆಡಲ್ಲ. ಹುಡುಗಿ ಥರ ಅನ್ನೋದನ್ನ ಬೈಗುಳ ಮಾಡಿದಾಗ ಆ ಕ್ಲಾಸಲ್ಲಿ ಕೂತಿರೋ ಅಷ್ಟೂ ಹುಡುಗಿಯರಿಗೂ ಅದು ತಗಲತ್ತೆ, ಸರ್‌ಗೆ ಅದು ಹೊಳೆದಿಲ್ಲ ಅನ್ಸತ್ತೆ.

2017ರ ಜೂನ್‌ನಲ್ಲಿ ಇಂಗ್ಲೆಂಡಿನ ಎಕ್ಸಿಟರ್‌ನಲ್ಲಿ ಸಿಕ್ಕಾಪಟ್ಟೆ ಸೆಖೆ, ಇಸ್ಕಾ ಅಕಾಡೆಮಿ ಅನ್ನೋ ಸ್ಕೂಲಿನ ಹುಡುಗರು ಶಾರ್ಟ್ಸ್ ಹಾಕ್ಬಹುದಾ ಅಂತ ಕೇಳಿದ್ರು, ಆಗಲ್ಲ ಅಂದ್ರು. ಯೂನಿಫಾರ್ಮಲ್ಲಿ ಸ್ಕರ್ಟಿಗೆ ಅವಕಾಶ ಇತ್ತಲ್ಲ, ಹುಡುಗರು ಸ್ಕರ್ಟ್ ಹಾಕ್ಕೊಂಡೇ ಬಂದ್ರು. ಜಗಳ ಇಲ್ಲ, ಬೈಗುಳ ಇಲ್ಲ, ರೂಲ್ಸಲ್ಲಿ ಇದ್ದಿದ್ದನ್ನೇ ಪಾಲಿಸಿದ್ರು. ಮುಂದಿನ ಬೇಸಿಗೆಯಿಂದ ಶಾರ್ಟ್ಸಿಗೂ ಅವಕಾಶ ಕೊಡ್ತೀವಿ ಅಂತ ಸ್ಕೂಲು ಹೇಳ್ತು.

ನಿನ್ನ ವಿಷಯಕ್ಕೆ ಬರೋಣ. ಹತ್ತನೇ ಕ್ಲಾಸ್, ಪರೀಕ್ಷೆ ಬೇರೆ ಇದೆ, ಒಬ್ಬನೇ ಎದುರು ನಿಂತು ವರ್ಷವಿಡೀ ಹೊರಗೆ ನಿಲ್ಲೋದು ನಿನಗೆ ಬೇಡ. ರೂಲ್ಸ್ ಪುಸ್ತಕದಲ್ಲಿ ಕೂದಲ ಬಗ್ಗೆ ಏನು ಬರ್ದಿದೆ ಅಂತ ಮೊದಲು ಓದು, ಎಷ್ಟೋ ಸಲ ನೀಟಾಗಿರಬೇಕು ಅಂತಷ್ಟೇ ಇರತ್ತೆ, ಕತ್ತರಿಸೋದು ಯಾರದ್ದೋ ಅಭ್ಯಾಸ ಆಗಿರತ್ತೆ. ಹಾಗಿದ್ರೆ ಅದನ್ನ ತೋರಿಸಿ ಅಪ್ಪ ಅಮ್ಮನ ಜೊತೆ ಹೋಗಿ ಕೇಳು. ಬರೆದೇ ಇದ್ರೆ ಕ್ಲಾಸಿನ ಹುಡುಗ ಹುಡುಗಿಯರು ಸೇರಿ, ಕೂದಲು ಉದ್ದ ಇದ್ರೆ ಯಾರೇ ಆಗ್ಲಿ ಕಟ್ಟಿರಬೇಕು ಅನ್ನೋ ಒಂದೇ ರೂಲ್ ಎಲ್ಲರಿಗೂ ಇಡಿ ಅಂತ ಅರ್ಜಿ ಕೊಡಿ. ಸರ್ ನಗೋದನ್ನ ಮಾತ್ರ ಮನೇಲಿ ಹೇಳ್ದೆ ಇರಬೇಡ, ಅದಕ್ಕೂ ಕೂದಲಿನ ಉದ್ದಕ್ಕೂ ಸಂಬಂಧವೇ ಇಲ್ಲ, ಅದನ್ನ ಬೇರೆ ದೂರಾಗಿ ಕೊಡಿ.