ಸ್ಟುಟ್‌ಗಾರ್ಟ್‌ನಲ್ಲಿ ಅಪ್ಪೆಹುಳಿ

"ಅಕ್ಕಾ, ಅಕ್ಟೋಬರ್‌ಗೆ ಎಂ.ಎಸ್. ಓದೋಕೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬರ್ತಿದ್ದೀನಿ. ಮಿಕ್ಸಿ, ಕುಕ್ಕರ್ ತರಲಾ? ತುಪ್ಪ, ಕರಿಬೇವು ಬಿಡ್ತಾರಾ? ನಮ್ಮ ಊಟ ಸಿಗುತ್ತಾ?" ಅಂತ ಕೇಳಿದ್ದೀಯ. ಸಾಗರದ ಹುಡುಗಿ ಅಂದೆಯಲ್ಲ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮಿಕ್ಸಿ ತಾ. ಇಲ್ಲೂ 230 ವೋಲ್ಟೇ, ಒಂದು ಅಡಾಪ್ಟರ್ ಸಾಕು. ಅಲ್ಯೂಮಿನಿಯಂ ಕುಕ್ಕರ್ ಬೇಡ, ಇಂಡಕ್ಷನ್ ಒಲೆಯಾದರೆ ಅದು ಬಿಸಿಯೇ ಆಗುವುದಿಲ್ಲ. ಇಂಡಕ್ಷನ್ ತಳದ ಸ್ಟೀಲಿನದು ತಗೋ. ಯುರೋಪಿನ ಹೊರಗಿಂದ ಹಾಲಿನ ಪದಾರ್ಥ ತರುವ ಹಾಗಿಲ್ಲ. ನಾನು ಬಂದಾಗ ಅಮ್ಮ ಕಾಸಿ ಕೊಟ್ಟ ತುಪ್ಪ ವಿಮಾನ ನಿಲ್ದಾಣದ ಕಸದ ಬುಟ್ಟಿಗೆ ಹೋಯಿತು. ಇಲ್ಲಿ ಉಪ್ಪಿಲ್ಲದ ಬೆಣ್ಣೆ ಸಿಗುತ್ತದೆ, ತಂದು ಕಾಸಿಕೋ. ಹಸಿ ಕರಿಬೇವಿಗೂ ಸರ್ಟಿಫಿಕೇಟ್ ಕೇಳುತ್ತಾರೆ. ತೆಂಗಿನಕಾಯಿಗೆ ಮಾತ್ರ ಆ ತಕರಾರಿಲ್ಲ! ಚಳಿಗಾಲದಲ್ಲಿ ದೋಸೆ ಹಿಟ್ಟನ್ನು ಓವನ್ ಒಳಗಿಟ್ಟು ಅದರ ದೀಪ ಮಾತ್ರ ಹಾಕು, ಹುದುಗು ಬರುತ್ತದೆ.

ಇನ್ನು ಊಟ. ನಮ್ಮ ತರಕಾರಿಯನ್ನೇ ಹುಡುಕುತ್ತಾ ಕೂರಬೇಡ. ಏಪ್ರಿಲ್ ಹೊತ್ತಿಗೆ ಸಂತೆಗೆ ರಬಾರ್ಬರ್ ಅಂತ ಕೆಂಪು ದಂಟು ಬರುತ್ತದೆ. ಇವರು ಸಕ್ಕರೆ ಸುರಿದು ಕೇಕಿಗೆ ಹಾಕುತ್ತಾರೆ. ನಮ್ಮ ಕೆಳಗಿನ ಮನೆಯ ಅಜ್ಜಿ ತನ್ನ ತೋಟದ್ದು ಕಟ್ಟು ಕಟ್ಟಿ ತಂದುಕೊಡುತ್ತಿದ್ದರು. ನಾನು ಡಾಂಕೆ ಅಂದು ಫ್ರಿಜ್ಜಿಗಿಟ್ಟು, ಬಾಡಿದ ಮೇಲೆ ಎಸೆಯುತ್ತಿದ್ದೆ. ಇಂಡಿಯನ್ ಅಂಗಡಿಯ ಸುಕ್ಕಿದ ತೊಂಡೆಕಾಯಿಗೆ ಮಾತ್ರ ದುಡ್ಡು ಸುರಿಯುತ್ತಿದ್ದೆ! ಒಂದಿನ ಸುಮ್ನೆ ಒಂದು ಚೂರು ಕಚ್ಚಿದೆ. ಹಲ್ಲು ಜುಂ ಅಂದಿತು. ಅವತ್ತೇ ಮಾವಿನಕಾಯಿಯ ಬದಲು ಅದನ್ನೇ ಹಾಕಿ ನಮ್ಮ ತೆಳ್ಳನೆ ಹುಳಿಸಾರು, ಅಪ್ಪೆಹುಳಿ ಮಾಡಿದೆ.

ರಬಾರ್ಬರ್‌ನ ಎಲೆ ವಿಷ, ಎಸೆದುಬಿಡು. ದಂಟಿನ ನಾರು ಸುಲಿದು, ತುಂಡು ಮಾಡಿ, ಸ್ವಲ್ಪ ನೀರಲ್ಲಿ ಬೇಯಿಸು. ನೋಡನೋಡುತ್ತಲೇ ಕರಗಿಹೋಗುತ್ತದೆ. ಕಿವುಚಿ, ನೀರು ಬೆರೆಸಿ, ಉಪ್ಪು, ಚೂರು ಬೆಲ್ಲ. ಹಸಿಮೆಣಸು, ಸಾಸಿವೆ, ಇಂಗಿನ ಒಗ್ಗರಣೆ. ಮೊದಲು ಕಿಟಕಿ ತೆಗಿ, ಇಲ್ಲಾಂದ್ರೆ ಹೊಗೆ ಅಲಾರಂ ಕಿರುಚಿಕೊಳ್ಳುತ್ತದೆ. ಅಪ್ಪೆಮಿಡಿಯ ಸೊನೆಯ ಪರಿಮಳ ಬರುವುದಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಅನ್ನಕ್ಕೆ ಕಲಸಿದರೆ ಎರಡು ತುತ್ತು ಜಾಸ್ತಿಯೇ ಹೋಗುತ್ತದೆ.

ಮರುವರ್ಷದ ಹೊತ್ತಿಗೆ ಅಜ್ಜಿ ವೃದ್ಧಾಶ್ರಮ ಸೇರಿದ್ದರು. ಅವರ ಕೇಕ್ ಅಷ್ಟು ತಿಂದವಳು ಒಂದು ಲೋಟ ಅಪ್ಪೆಹುಳಿ ಕುಡಿಸಲಿಲ್ಲ. ನಮ್ಮಲ್ಲಿ ಪಕ್ಕದ ಮನೆಯ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡುತ್ತೇವಾ? ಅದೊಂದು ಈಗಲೂ ಚುಚ್ಚುತ್ತದೆ. ನಿನಗೆ ಯಾರಾದರೂ ಏನಾದರೂ ಕೊಟ್ಟರೆ, ಹೇಗೆ ಮಾಡೋದು ಅಂತ ಬಾಗಿಲಲ್ಲೇ ಕೇಳು. ಅವರಿಗೂ ಖುಷಿ, ನಿನ್ನ ಜರ್ಮನ್ನೂ ಸುಧಾರಿಸುತ್ತದೆ.

ಈ ಕಡೆಯವರ ಮನೆಯೂಟ ಲಿನ್ಸನ್ ಮಿಟ್ ಸ್ಪೆಟ್ಜ್ಲೆ. ಇಡೀ ಮಸೂರದಂಥ ಕಾಳಿಗೆ ವಿನೆಗರ್ ಹಾಕಿ, ಮೊಟ್ಟೆ ಹಾಕಿದ ಶಾವಿಗೆ ಥರದ್ದರ ಜೊತೆ ಕೊಡುತ್ತಾರೆ. ಹಂದಿಮಾಂಸದ ಚೂರು ಇರುತ್ತದೆ. ತಿನ್ನದವಳಾದರೆ ಕೇಳಿಯೇ ತಟ್ಟೆ ಹಿಡಿ.

ವೀಸಾ, ಬಾಡಿಗೆ ಬೇರೆಯವರನ್ನು ಕೇಳು, ನನ್ನ ಕಾಲದ್ದು ಈಗ ನಡೆಯುವುದಿಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ರಾತ್ರಿ ಬಂದಿಳಿಯುವುದಾದರೆ ಬ್ಯಾಗಿನಲ್ಲಿ ಗೊಜ್ಜವಲಕ್ಕಿ ಇರಲಿ.