ಕೇಸು ಮತ್ತೆ ತೆರೆದಿದೆ ಎಂದರೆ

ತಂಗಿ, ಅಮೆರಿಕದಲ್ಲಿ ನಿನ್ನ ಎಚ್-4 (ಎಚ್-1ಬಿ ಉದ್ಯೋಗಿಯ ಸಂಗಾತಿಗೆ ಸಿಗುವ ವೀಸಾ) ವಾಸ್ತವ್ಯದ ವಿಸ್ತರಣೆಗೆ ಹಾಕಿದ್ದ ಐ-539 ಅರ್ಜಿ ಹೋದ ತಿಂಗಳು ತಿರಸ್ಕೃತವಾಯಿತು, ನಿನ್ನೆ ಇದ್ದಕ್ಕಿದ್ದಂತೆ ‘ಕೇಸ್ ರೀಓಪನ್’ ಎಂದು ಬಂದಿದೆ. ಇದು ಒಳ್ಳೆಯದೋ ಕೆಟ್ಟದ್ದೋ, ಚಿಂತಾಮಣಿಯಲ್ಲಿರುವ ನಿನ್ನ ಅಮ್ಮನಿಗೆ ಏನು ಹೇಳಲಿ ಎಂದು ಕೇಳಿದ್ದೀಯ.

ಅಮ್ಮನ ಮುಂದೆ ‘ಕೇಸು’ ಎಂಬ ಮಾತನ್ನೇ ಎತ್ತಬೇಡ. ನಮ್ಮ ಕಡೆ ಕೇಸು ಎಂದರೆ ಪೊಲೀಸ್ ಠಾಣೆ, ಇಲ್ಲವೇ ಜಮೀನಿನ ತಕರಾರು. ಹದಿನೈದು ವರ್ಷಗಳ ಹಿಂದೆ ನನ್ನ ಗ್ರೀನ್ ಕಾರ್ಡ್ ಅರ್ಜಿ ತಿರಸ್ಕೃತವಾದಾಗ ಶ್ರೀನಿವಾಸಪುರದ ನಮ್ಮ ಮನೆಗೆ ಫೋನ್ ಮಾಡಿ, ‘ಕೇಸು ವಜಾ ಆಗಿದೆ, ಮತ್ತೆ ತೆರೆಸಬೇಕು’ ಎಂದುಬಿಟ್ಟೆ. ಅಪ್ಪ ತುಸು ಹೊತ್ತು ಸುಮ್ಮನಿದ್ದು, ‘ಮಾವಿನ ತೋಟದ ಗುತ್ತಿಗೆ ಮುಂಗಡ ಬಂದಿದೆ, ಕಳುಹಿಸಲೇನಮ್ಮ?’ ಎಂದರು. ವರ್ಷವಿಡೀ ಮನೆ ನಡೆಯಬೇಕಿದ್ದ ಹಣ ಅದು. ‘ದುಡ್ಡು ಬೇಡಪ್ಪ, ನಾನು ಹುಟ್ಟಿದ್ದಕ್ಕೆ ಸಾಕ್ಷಿ ಬೇಕು’ ಎಂದೆ. ಮನೆಯಲ್ಲೇ ಹೆರಿಗೆಯಾಗಿದ್ದರಿಂದ ನನ್ನ ಜನನ ನೋಂದಣಿಯೇ ಆಗಿರಲಿಲ್ಲ. ಅಪ್ಪ ತಾಲ್ಲೂಕು ಕಚೇರಿಗೆ ಅಲೆದು, ದಾಖಲೆ ಇಲ್ಲವೆಂಬ ಪ್ರಮಾಣಪತ್ರ ತಂದರು. ಹೆರಿಗೆ ಮಾಡಿಸಿದ್ದ ಸೋದರತ್ತೆ ಛಾಪಾ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದರು. ನೇರಳೆ ಮಸಿಯ ಆ ಗುರುತು ಅಂಚಿನಲ್ಲಿ ಸ್ವಲ್ಪ ಹರಡಿತ್ತು. ಅರ್ಜಿಯ ಬಾಗಿಲು ಮತ್ತೆ ತೆರೆದದ್ದು ಆ ಕಾಗದಗಳಿಂದ.

ಈಗ ನಿನ್ನ ವಿಷಯ. ಮುಚ್ಚಿದ್ದ ಕಡತವನ್ನು ಅಮೆರಿಕದ ವಲಸೆ ಅರ್ಜಿಗಳ ಕಚೇರಿಯಾದ ಯುಎಸ್‌ಸಿಐಎಸ್ ಮತ್ತೆ ಕೈಗೆತ್ತಿಕೊಂಡಿದೆ. ಮಂಜೂರಾಯಿತು ಎಂದು ಸಿಹಿ ಹಂಚಬೇಡ, ಮುಗಿದೇ ಹೋಯಿತು ಎಂದು ಅಳಲೂ ಬೇಡ. ತೆರೆಸಿದವರು ಯಾರು ಎಂಬುದನ್ನು ಮೊದಲು ತಿಳಿದುಕೋ. ವಕೀಲರು ಮತ್ತೆ ತೆರೆಯಲು ಕೋರುವ ಐ-290ಬಿ ನಮೂನೆ ಸಲ್ಲಿಸಿದ್ದರೇ? ತೀರ್ಮಾನ ಬಂದ 30 ದಿನಗಳೊಳಗೆ, ಅದು ಅಂಚೆಯಲ್ಲಿ ಬಂದಿದ್ದರೆ 33 ದಿನಗಳೊಳಗೆ, ಹೊಸ ಸಂಗತಿಯನ್ನು ದಾಖಲೆ ಸಮೇತ ತೋರಿಸಿ ಹಾಗೆ ಕೋರಬಹುದು. ಯಾರೂ ಕೋರಿರದಿದ್ದರೆ ಕಚೇರಿ ತಾನಾಗಿಯೇ ತೆರೆದಿದೆ ಎಂದರ್ಥ. ಆ ಅಧಿಕಾರ ಅದಕ್ಕಿದೆ. ಹಾಗೆ ತೆರೆದಾಗ ನಿನ್ನ ಪರವಾಗಿ ಬದಲಿಸುವುದಾದರೆ ಹೊಸ ತೀರ್ಮಾನವನ್ನು ಜೊತೆಯಲ್ಲೇ ಕೊಡಬಹುದು. ನಿನಗೆ ವಿರುದ್ಧವಾಗುವ ಸಂಭವವಿದ್ದರೆ ಮೊದಲೇ ತಿಳಿಸಿ, ಉತ್ತರಿಸಲು 30 ದಿನ ಕೊಡಬೇಕು. ಹೆಚ್ಚಿನ ದಾಖಲೆ ಕೇಳಿದರೆ ಗಡುವು ಪತ್ರದಲ್ಲೇ ಇರುತ್ತದೆ. ಅದನ್ನು ಮುಂದೂಡುವುದಿಲ್ಲ.

ವಲಸೆ ನ್ಯಾಯಾಲಯದಲ್ಲಿ ಪ್ರಕರಣ ಮತ್ತೆ ತೆರೆಯುವುದೇ ಬೇರೆ. ಅದು ನ್ಯಾಯ ಇಲಾಖೆಗೆ ಸೇರಿದ್ದು, ಅಲ್ಲಿ ನ್ಯಾಯಾಧೀಶರಿರುತ್ತಾರೆ. ಅಲ್ಲಿನ ಕಥೆಗಳನ್ನು ಓದಿ ನಿದ್ದೆಗೆಡಬೇಡ.

ವಕೀಲರನ್ನು ತಪ್ಪದೆ ಕೇಳಬೇಕಾದದ್ದು ಒಂದಿದೆ: ತಿರಸ್ಕಾರದಿಂದ ಮರುತೆರೆಯುವವರೆಗಿನ ದಿನಗಳನ್ನು ನಿನ್ನ ವಾಸ್ತವ್ಯದಲ್ಲಿ ಹೇಗೆ ಲೆಕ್ಕ ಹಾಕುತ್ತಾರೆ? ಇದನ್ನು ನೀನೇ ಊಹಿಸಬೇಡ. ಉತ್ತರ ಸಿಗುವವರೆಗೆ ಊರಿಗೆ ಟಿಕೆಟ್ ಕೊಳ್ಳುವ ಯೋಚನೆಯೂ ಬೇಡ. ಮನೆ ಬದಲಿಸಿದ್ದರೆ 10 ದಿನಗಳೊಳಗೆ ಹೊಸ ವಿಳಾಸ ತಿಳಿಸಲೇಬೇಕು. ಯುಎಸ್‌ಸಿಐಎಸ್ ಪತ್ರಗಳನ್ನು ಅಂಚೆಯವರು ಹೊಸ ಮನೆಗೆ ತಿರುಗಿಸಿ ಕಳುಹಿಸುತ್ತಾರೆ ಎಂದು ನಂಬಬೇಡ.

ಅಮ್ಮನಿಗೆ ಇವತ್ತು ರಾತ್ರಿಯೇ ಫೋನ್ ಮಾಡಿ, ‘ಅರ್ಜಿಯನ್ನು ಇನ್ನೊಮ್ಮೆ ನೋಡುತ್ತಿದ್ದಾರೆ’ ಎನ್ನು. ಪತ್ರ ಬಂದ ದಿನ ಅದರಲ್ಲಿ ಏನಿದೆ ಎಂದು ನನಗೆ ಬರೆ. ಅರ್ಜಿಯ ರಶೀದಿ ಸಂಖ್ಯೆಯನ್ನು ಮಾತ್ರ ಹಾಕಬೇಡ.