ಜಪ ಬೇರೆ, ವಿಪಶ್ಯನ ಬೇರೆಯಾ?

ಪ್ರಶ್ನೆ: ನಾನು ದಿನಾ ಜಪ ಮಾಡುತ್ತೇನೆ. ಮಗಳು ಧ್ಯಾನ ಗುರು ಗೋಯೆಂಕಾ ಅವರ ಪದ್ಧತಿಯ 10 ದಿನದ ವಿಪಶ್ಯನ ಧ್ಯಾನ ಶಿಬಿರಕ್ಕೆ ಹೋಗಿ ಬಂದಳು. ಎರಡೂ ಒಂದೇ ಅಲ್ವಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಅಲ್ಲ ತಾಯಿ. ಹೆಸರು ಬಿಡಿ, ಗಮನ ಎಲ್ಲಿದೆ ನೋಡಿ. ಜಪದಲ್ಲಿ ಮನಸ್ಸು ಜಾರಿದರೆ ಮತ್ತೆ ಮಂತ್ರಕ್ಕೇ ಎಳೆದು ತರುತ್ತೀರಿ. ಅದು ಒಂದು ಬಗೆ. ಬಂದದ್ದನ್ನೆಲ್ಲ ಸುಮ್ನೆ ನೋಡುತ್ತಾ ಕೂರುವುದು ಇನ್ನೊಂದು. ಧ್ಯಾನವನ್ನು ಅಧ್ಯಯನ ಮಾಡುವ ಅಮೆರಿಕದ ಮಿದುಳು ವಿಜ್ಞಾನಿ ರಿಚರ್ಡ್ ಡೇವಿಡ್‌ಸನ್ ಮತ್ತು ಸಂಗಡಿಗರು 2008ರಲ್ಲಿ ಹೀಗೇ ವಿಂಗಡಿಸಿದರು.

ಮಗಳ ಶಿಬಿರದಲ್ಲಿ ಮೊದಲ ಮೂರು ದಿನ ಬರೀ ಉಸಿರು, ಅಂದರೆ ನಿಮ್ಮ ಜಪದ ಜಾತಿಯೇ! ನಾನೂ ಹೋಗಿದ್ದೆ. ಮೂಗಿನ ಕೆಳಗೆ ಗಾಳಿ ತಾಕುವ ಜಾಗ ಗಮನಿಸಿ ಅಂದರೆ, ನನಗೆ ಅಡುಗೆಮನೆಯ ಒಗ್ಗರಣೆ ವಾಸನೆಯೇ ಜಾಸ್ತಿ. ನಾಲ್ಕನೇ ದಿನ ವಿಪಶ್ಯನ ಶುರು: ಮಂಡಿ ನೋವನ್ನೂ ಓಡಿಸದೆ ನೋಡಬೇಕು, ಅಂದರೆ ಆ ಇನ್ನೊಂದು ಬಗೆ. ಕೊನೆಗೆ ಮೈತ್ರಿ, ಎಲ್ಲರಿಗೂ ಒಳ್ಳೆಯದನ್ನು ಬಯಸುವುದು. ಅದು ಮೂರನೆಯದೇ ಬಗೆ.